ಓಡುತ್ತಿರುವಾಗಲೇ ಬಂದ್ ಬೀಳುವ ಹಳೆಯ ಕಾರು: ತಣ್ಣಗಾಗುವ ಮೊದಲೇ ಕಾರಣ ಹಿಡಿಯುವ ಬಗೆ

ತೆಕ್ಕಲಕೋಟೆ ದಾಟಿ ನಾಲ್ಕೈದು ಕಿಲೋಮೀಟರ್ ಹೋಗಿರಬಹುದು. ಮೇ ತಿಂಗಳ ಮಧ್ಯಾಹ್ನ ಎರಡೂವರೆ ಗಂಟೆ. ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ನನ್ನ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾಲದ ಸಣ್ಣ ಕಾರು 60ರ ವೇಗದಲ್ಲಿ ಓಡುತ್ತಿತ್ತು. ಯಾರೋ ಮೇನ್ ಸ್ವಿಚ್ ಕೆಳಗೆಳೆದಂತೆ ಎಂಜಿನ್ನಿನ ಸದ್ದು ನಿಂತಿತು. ಕ್ಲಚ್ ಒತ್ತಿ, ಉಳಿದಿದ್ದ ಓಟದಲ್ಲೇ ಗಾಡಿಯನ್ನು ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದೆ. ಭತ್ತದ ಹುಲ್ಲು ಹೇರಿಕೊಂಡು ಬಂದ ಟ್ರ್ಯಾಕ್ಟರ್ ಚಾಲಕರೊಬ್ಬರು ಇಳಿದು ಬಂದು, ಬಾನೆಟ್ ಎತ್ತಿ ನೋಡಿ, 'ಪೆಟ್ರೋಲ್ ಕಾದು ಗ್ಯಾಸ್ ಆಗೈತ್ರಿ, ಪಂಪಿನ ಮ್ಯಾಲೆ ಒದ್ದಿ ಅರಿವಿ ಹಾಕ್ರಿ' ಎಂದರು. ಹಾಕಿದೆವು, ಅರ್ಧ ಗಂಟೆ ಕಾದೆವು, ಗಾಡಿ ಮೊದಲ ಸೆಲ್ಫ್ ಹೊಡೆತಕ್ಕೇ ಎದ್ದಿತು. ಕಾರಣ ಸಿಕ್ಕಿತೆಂದು ಇಬ್ಬರಿಗೂ ಸಮಾಧಾನವಾಯಿತು. ನಿಜವಾದ ಕಾರಣ ಸಿಗುವ ಹೊತ್ತಿಗೆ ಆರು ವಾರ ಕಳೆದಿತ್ತು, ಅಷ್ಟರೊಳಗೆ ಬೇಡದ ಮೂರು ರಿಪೇರಿಗಳೂ ಆಗಿಹೋಗಿದ್ದವು.

ಓಡುವಾಗ ಬಂದ್ ಬೀಳುವ ಗಾಡಿಯ ರೋಗಪತ್ತೆ ಕಷ್ಟವೆನಿಸುವುದು ಎಂಜಿನ್ ಅಷ್ಟೊಂದು ಗೂಢವಾದ ವಸ್ತು ಎಂಬ ಕಾರಣಕ್ಕಲ್ಲ. ಗ್ಯಾರೇಜು ತಲುಪುವ ಹೊತ್ತಿಗೆ ರೋಗವೇ ಇರುವುದಿಲ್ಲ ಎಂಬ ಕಾರಣಕ್ಕೆ. ಮಿಸ್ತ್ರಿ ಕೀ ತಿರುಗಿಸುತ್ತಾನೆ, ಎಂಜಿನ್ ಚೆನ್ನಾಗಿ ಓಡುತ್ತದೆ, ಅಲ್ಲಿಂದ ಮುಂದೆ ಅಂದಾಜಿನ ಮೇಲೆ ಒಂದೊಂದೇ ಬಿಡಿಭಾಗ ಬದಲಾಗತೊಡಗುತ್ತದೆ. ಕಾದು ಕೂತರೆ ತಾವಾಗಿಯೇ ಸರಿಹೋಗುವ ದೋಷಗಳು ಒಂದೆರಡಲ್ಲ. ಪೈಪಿನಲ್ಲಿ ಆವಿಯಾದ ಪೆಟ್ರೋಲ್ ತಣಿದು ಮತ್ತೆ ದ್ರವವಾಗುತ್ತದೆ. ಕಿಡಿ ಹುಟ್ಟಿಸುವ ಇಗ್ನಿಷನ್ ಏರ್ಪಾಟಿನಲ್ಲಿ ಕಾದು ಸೋತ ಕಾಯಿಲ್, ಕಂಡೆನ್ಸರ್ ಅಥವಾ ಮಾಡ್ಯೂಲ್ ತಣಿದು ಮತ್ತೆ ಕೆಲಸ ಮಾಡುತ್ತದೆ. ಕಾರ್ಬೊರೇಟರಿನ ಬದಲು ಇಂಜೆಕ್ಟರುಗಳು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಗಾಡಿಯಲ್ಲಿ, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಕೂಡ ಹಾಗೆಯೇ. ಟ್ಯಾಂಕಿನ ಜಾಲರಿಗೆ ಅಂಟಿಕೊಂಡಿದ್ದ ತುಕ್ಕಿನ ಹಕ್ಕಳೆ ಎಳೆತ ನಿಂತೊಡನೆ ತಳಕ್ಕೆ ಉದುರುತ್ತದೆ. ಗಾಳಿಕಿಂಡಿ ಮುಚ್ಚಿದ ಟ್ಯಾಂಕಿನೊಳಗೆ ಹೇಗೋ ಒಂದಿಷ್ಟು ಗಾಳಿ ನುಸುಳಿ ಒತ್ತಡ ಸರಿಹೋಗುತ್ತದೆ. ಇವೆಲ್ಲಕ್ಕೂ ಅರ್ಧ ಗಂಟೆಯ ವಿಶ್ರಾಂತಿಯೇ ಮದ್ದು. ಹಾಗಾಗಿ 'ತಣ್ಣಗಾದ ಮೇಲೆ ಸ್ಟಾರ್ಟ್ ಆಯಿತು' ಎಂಬ ಮಾತು ನಾವು ಅಂದುಕೊಂಡಷ್ಟು ಸಂಗತಿಯನ್ನು ಹೇಳುವುದೇ ಇಲ್ಲ. ಅಂದು ನನ್ನ ಒದ್ದೆ ಬಟ್ಟೆ ಮಾಡಿದ್ದು ಪಂಪನ್ನು ತಣಿಸಿದ್ದಕ್ಕಿಂತ ಹೆಚ್ಚಾಗಿ ಕಾಲ ಕಳೆಯಲು ಒಂದು ನೆಪ ಒದಗಿಸಿದ್ದು. ಗಾಡಿ ಸತ್ತಿರುವ ಆ ಮೊದಲ ಐದು ನಿಮಿಷವೇ ಪರೀಕ್ಷೆಯ ಹೊತ್ತು.

ಪರೀಕ್ಷಿಸುವುದು ಏನನ್ನು? ಪೆಟ್ರೋಲ್ ಎಂಜಿನ್ನಿಗೆ ಗಾಳಿ, ಇಂಧನ, ಕಿಡಿ ಮತ್ತು ಸಿಲಿಂಡರಿನೊಳಗಿನ ಒತ್ತಡ, ಇವು ನಾಲ್ಕೂ ಸರಿಯಾದ ಹೊತ್ತಿಗೆ ಸಿಗಬೇಕು. ಓಡುತ್ತಿದ್ದ ಎಂಜಿನ್ ಒಮ್ಮೆಲೇ ನಿಂತು ಅರ್ಧ ಗಂಟೆಯ ಬಳಿಕ ಏನೂ ಆಗದಂತೆ ಎದ್ದರೆ ಒತ್ತಡದ ಲೆಕ್ಕವನ್ನು ಬಹುಮಟ್ಟಿಗೆ ಬದಿಗಿಡಬಹುದು. ಕಡಿದ ಟೈಮಿಂಗ್ ಬೆಲ್ಟ್ ಅಥವಾ ಸುಟ್ಟ ವಾಲ್ವ್ ನೆರಳಲ್ಲಿ ಕಾದರೆ ಸರಿಯಾಗುವುದಿಲ್ಲ. ಗಾಳಿಯ ಅಡಚಣೆ ಕೂಡ ಹೀಗೆ ತಟ್ಟನೆ ಕೊಲ್ಲುವುದು ಅಪರೂಪ. ತೋರಣಗಲ್ಲು, ಸಂಡೂರಿನ ಕಡೆ ಓಡಾಡುವವರ ಏರ್ ಫಿಲ್ಟರ್ ಅದಿರಿನ ಧೂಳಿನಿಂದ ಕೆಂಪಗಾಗಿರುತ್ತದೆ, ಗಂಗಾವತಿ, ಸಿರುಗುಪ್ಪದ ಕಡೆ ಸುಗ್ಗಿಯಲ್ಲಿ ಭತ್ತದ ಹೊಟ್ಟು ತುಂಬಿರುತ್ತದೆ; ಅದರಿಂದ ಎಳೆತ ಕುಗ್ಗುತ್ತದೆ, ಹೊಗೆ ಕಪ್ಪಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆದರೆ 60ರ ವೇಗದಲ್ಲಿ ಗಾಡಿ ಏಕಾಏಕಿ ನಿಂತಿತೆಂದರೆ ಫಿಲ್ಟರನ್ನು ಮೊದಲು ದೂರುವುದು ನ್ಯಾಯವಲ್ಲ. ಉಳಿಯುವುದು ಎರಡು: ಇಂಧನ ಮತ್ತು ಕಿಡಿ. ಮಿಸ್ತ್ರಿಗಳ ಮಾತಿನಲ್ಲಿ ಹೇಳುವುದಾದರೆ 'ಪೆಟ್ರೋಲ್ ಬರಾಕತ್ತೈತೋ ಇಲ್ಲೋ, ಕರೆಂಟ್ ಬರಾಕತ್ತೈತೋ ಇಲ್ಲೋ'. ಈ ಎರಡರಲ್ಲಿ ಯಾವುದು ಕೈಕೊಟ್ಟಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಬಾನೆಟ್ ಎತ್ತುವ ಮೊದಲೇ ಗಾಡಿ ಹೇಗೆ ಸತ್ತಿತು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ. ಇಂಧನ ತಪ್ಪಿದ ಎಂಜಿನ್ ಸಾಮಾನ್ಯವಾಗಿ ಹೇಳಿಯೇ ಸಾಯುತ್ತದೆ: ಮೊದಲು ಎಳೆತ ಕಡಿಮೆಯಾಗುತ್ತದೆ, ಆಮೇಲೆ ಒಂದೆರಡು ಜಟ್ಕಾ ಹೊಡೆಯುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಸೊರಗುತ್ತದೆ, ಕಾಲು ತೆಗೆದರೆ ಕ್ಷಣ ಚೇತರಿಸಿಕೊಂಡಂತೆ ಮಾಡಿ ಕೊನೆಗೆ ನಿಲ್ಲುತ್ತದೆ, ಏಕೆಂದರೆ ಕಾರ್ಬೊರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಖಾಲಿಯಾಗಲು ಕೆಲವು ಸೆಕೆಂಡುಗಳಾದರೂ ಬೇಕು. ಕಿಡಿ ತಪ್ಪಿದ ಎಂಜಿನ್ನಿಗೆ ಆ ಶಿಷ್ಟಾಚಾರವಿಲ್ಲ, ಒಂದೇ ಏಟಿಗೆ ನಿಲ್ಲುತ್ತದೆ. ಆರ್‌ಪಿಎಂ ಮುಳ್ಳು ಇರುವ ಗಾಡಿಯಾದರೆ, ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗಲೇ ಅದು ಸೊನ್ನೆಗೆ ಬಿದ್ದಿತೋ ಎಂದು ನೋಡಿ. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಬಿದ್ದಿತೆಂದರೆ ಅದಕ್ಕೆ ಸುದ್ದಿ ಕೊಡುವ ಇಗ್ನಿಷನ್ ದಾರಿಯೇ ಕಡಿದಿದೆ. ಡ್ಯಾಶ್‌ಬೋರ್ಡಿನ ದೀಪಗಳನ್ನೂ ಗಮನಿಸಬೇಕು. ಎಂಜಿನ್ ನಿಂತಾಗ ಬ್ಯಾಟರಿ ಮತ್ತು ಆಯಿಲ್ ದೀಪ ಹತ್ತಿಕೊಳ್ಳುವುದು ಸಹಜ, ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಆದರೆ ಹತ್ತಬೇಕಾದ ಆ ದೀಪಗಳೇ ಹತ್ತದೆ ಎಲ್ಲವೂ ಕತ್ತಲಾಗಿದ್ದರೆ ಬ್ಯಾಟರಿಯ ಟರ್ಮಿನಲ್, ಅರ್ತ್ ವೈರ್ ಅಥವಾ ಕೀ ಹಾಕುವ ಸ್ವಿಚ್ಚನ್ನು ಬಿಟ್ಟು ಬೇರೆ ಕಡೆ ಹುಡುಕುವುದು ವ್ಯರ್ಥ. ತಗ್ಗಿಗೆ ಇಳಿದಾಗ, ಹಂಪ್ ಹಾರಿದಾಗ ಮಾತ್ರ ಆಫ್ ಆಗುವ ಗಾಡಿಯದೂ ಇದೇ ಜಾತಿಯ ರೋಗ. ಮನೆ, ಅಂಗಡಿ, ಪಂಪ್‌ಸೆಟ್ಟಿನ ಕೀಲಿಗಳನ್ನೆಲ್ಲ ಒಂದೇ ಗೊಂಚಲಿನಲ್ಲಿ ಕಾರಿನ ಕೀಗೆ ತೂಗುಹಾಕುವವರ ಸ್ವಿಚ್ ವರ್ಷಗಟ್ಟಲೆ ಆ ಭಾರಕ್ಕೆ ಸವೆದು ಒಳಗಿನ ಸಂಪರ್ಕ ಸಡಿಲಾಗಿರುತ್ತದೆ. ಎಂಜಿನ್ ಓಡುತ್ತಿರುವಾಗ, ನಿಂತಲ್ಲೇ, ಗೊಂಚಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಪರೀಕ್ಷೆಗಿಂತ ಮೊದಲು ಜೀವ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಅದಿರು, ಉಕ್ಕು ಹೇರಿದ ಲಾರಿಗಳು ಹಿಂದೆಯೇ ಇರುತ್ತವೆ. ಎಂಜಿನ್ ನಿಂತರೆ ಪೆಡಲನ್ನು ಹಗುರಾಗಿಸುವ ಬ್ರೇಕ್ ಬೂಸ್ಟರಿಗೆ ಹೊಸ ವ್ಯಾಕ್ಯೂಮ್ ಸಿಗುವುದಿಲ್ಲ; ಒಳಗೆ ಉಳಿದಿರುವುದು ಒಂದೆರಡು ಸಲಕ್ಕೆ ಮಾತ್ರ ಸಾಲುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಆದ್ದರಿಂದ ಬ್ರೇಕನ್ನು ಪದೇಪದೇ ಒತ್ತಿ ಬಿಡದೆ, ಬೇಕಾದಾಗ ಒಂದೇ ಸಲ ಬಿಗಿಯಾಗಿ ಒತ್ತಬೇಕು. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಗಾಡಿ ಉರುಳುತ್ತಿರುವಾಗ ಕೀಯನ್ನು ಲಾಕ್ ಸ್ಥಾನಕ್ಕೆ ತಿರುಗಿಸಲೇಬಾರದು. ಹಜಾರ್ಡ್ ದೀಪ ಹಾಕಿ, ಉಳಿದ ಓಟದಲ್ಲಿ ರಸ್ತೆಯ ಎಡಕ್ಕೆ ಪೂರ್ತಿ ಇಳಿಸಿ, ತ್ರಿಕೋನದ ಫಲಕವನ್ನು ಸಾಕಷ್ಟು ಹಿಂದೆ ಇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ನೆರವು ಸಿಗುತ್ತದೆ. ರೈಲ್ವೆ ಗೇಟಿನಂಥ ಕಡೆ ಸಿಕ್ಕಿಕೊಂಡರೆ ಮೊದಲನೇ ಗೇರ್ ಹಾಕಿ, ಕ್ಲಚ್ ಬಿಟ್ಟು, ಸೆಲ್ಫ್ ಹೊಡೆದರೆ ಸ್ಟಾರ್ಟರ್ ಮೋಟಾರೇ ಹಳೆಯ ಗಾಡಿಯನ್ನು ಕೆಲವು ಮೀಟರ್ ಎಳೆದುಕೊಂಡು ಹೋಗುತ್ತದೆ.

ಇನ್ನು ಆ ಐದು ನಿಮಿಷ. ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲಿನ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕೀ ಆಫ್ ಮಾಡಿ, ಏರ್ ಫಿಲ್ಟರಿನ ಮುಚ್ಚಳ ತೆಗೆದು, ಕಾರ್ಬೊರೇಟರಿನ ಗಂಟಲೊಳಗೆ ಇಣುಕುತ್ತಾ ಆಕ್ಸಿಲರೇಟರಿನ ಲಿವರನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಸಣ್ಣ ನಳಿಗೆಯಿಂದ ಪೆಟ್ರೋಲ್ ಗಟ್ಟಿಯಾದ ಎಳೆಯಾಗಿ ಚಿಮ್ಮಿದರೆ ಬಟ್ಟಲಿನಲ್ಲಿ ಇಂಧನವಿದೆ, ಪಂಪ್ ತನ್ನ ಕೆಲಸ ಮಾಡಿದೆ ಎಂದರ್ಥ. ನೋಟವನ್ನು ಕಿಡಿಯ ಕಡೆಗೆ ತಿರುಗಿಸಬಹುದು. ಏನೂ ಚಿಮ್ಮದಿದ್ದರೆ, ಅಥವಾ ಗುಳ್ಳೆಗುಳ್ಳೆಯಾಗಿ ಉಗುಳಿದರೆ, ತಪ್ಪು ಇಂಧನದ ದಾರಿಯಲ್ಲಿದೆ. ಇಷ್ಟು ಸರಳವಾದ ನೋಟವನ್ನು ಎಷ್ಟೋ ಮಂದಿ ಬಿಟ್ಟು, ಗಂಟಲಿಗೆ ಬಾಟಲಿಯಿಂದ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುತ್ತಾರೆ. ಒಂದು ಬ್ಯಾಕ್‌ಫೈರ್ ಸಾಕು, ಕೈಯಲ್ಲಿರುವ ಬಾಟಲಿಗೇ ಬೆಂಕಿ ಹತ್ತಲು.

ಕಿಡಿಯ ಪರೀಕ್ಷೆಗೆ ಡಿಕ್ಕಿಯಲ್ಲಿ ಒಂದು ಹಳೆಯ ಸ್ಪಾರ್ಕ್ ಪ್ಲಗ್ ಇಟ್ಟುಕೊಂಡಿರಬೇಕು. ಒಂದು ಸಿಲಿಂಡರಿನ ಪ್ಲಗ್ ವೈರ್ ಬಿಚ್ಚಿ, ಅದನ್ನು ಈ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬರಿ ಲೋಹಕ್ಕೆ ಭದ್ರವಾಗಿ ತಾಗುವಂತೆ ಕಟ್ಟಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಬೇಕು. ನೀಲಿಬಿಳುಪಿನ ಕಿಡಿ ಚಟಚಟ ಸದ್ದಿನೊಡನೆ ಹಾರಿದರೆ ಸರಿ; ಹಳದಿ ಅಥವಾ ಕಿತ್ತಳೆಯ ಸೊರಗಿದ ಕಿಡಿ ಬಂದರೆ, ಅಥವಾ ಬಾರದೇ ಇದ್ದರೆ, ಇಗ್ನಿಷನ್ ಕೆಟ್ಟಿದೆ. ಬ್ಯಾಟರಿಯ 12 ವೋಲ್ಟನ್ನು ಏರಿಸುವ ಕಾಯಿಲಿನಿಂದ ಬರುವುದು 20,000 ವೋಲ್ಟಿನ ಆಸುಪಾಸಿನ ಏಟಾದ್ದರಿಂದ ವೈರನ್ನು ಕೈಯಲ್ಲಿ ಹಿಡಿಯಬಾರದು, ಪೆಟ್ರೋಲ್ ಚೆಲ್ಲಿರುವ ಕಡೆ ಈ ಪರೀಕ್ಷೆ ಕೂಡದು. ಇಂಜೆಕ್ಷನ್ ಗಾಡಿಗಳಲ್ಲಂತೂ ಅರ್ತ್ ಇಲ್ಲದೆ ವೈರನ್ನು ಗಾಳಿಯಲ್ಲಿ ಬಿಟ್ಟು ಕಿಡಿ ಹಾರಿಸಿದರೆ ಇಗ್ನಿಷನ್ ಮಾಡ್ಯೂಲೇ ಸುಟ್ಟುಹೋಗಬಹುದು.

ಇಂಧನದ ದಾರಿಯಲ್ಲಿ ತಪ್ಪಿದೆಯೆಂದಾದರೆ ನಮ್ಮ ಭಾಗದಲ್ಲಿ ಮೊದಲು ನಾಲಿಗೆಗೆ ಬರುವುದು ವೇಪರ್ ಲಾಕ್, ಅಂದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ಕಟ್ಟುವುದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ನೆರಳಿನ ತಾಪವೇ 40 ಡಿಗ್ರಿ ದಾಟುವಾಗ ಈ ಸಂಶಯ ಸಹಜ. ಪೆಟ್ರೋಲ್ ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಹಗುರವಾದ ಭಾಗ 40 ಡಿಗ್ರಿಯ ಸುತ್ತಮುತ್ತಲೇ ಕುದಿಯತೊಡಗುತ್ತದೆ. ಹಳೆಯ ಗಾಡಿಗಳಲ್ಲಿ ಪಂಪ್ ಎಂಜಿನ್ನಿಗೆ ಅಂಟಿಕೊಂಡಿರುತ್ತದೆ, ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಹೀರುವ ಪೈಪಿನಲ್ಲಿ ಒತ್ತಡ ಕಡಿಮೆಯಾದ್ದರಿಂದ ಅಲ್ಲಿ ಕುದಿಯುವುದು ಇನ್ನೂ ಸುಲಭ. ಒಮ್ಮೆ ಆವಿ ತುಂಬಿತೆಂದರೆ ಪಂಪಿನ ಡಯಾಫ್ರಮ್ ಆವಿಯನ್ನೇ ಹಿಂಡುತ್ತಾ ಕೂರುತ್ತದೆ. ಆದರೆ ಇದಕ್ಕೊಂದು ಸಮಯ ಸಂದರ್ಭವಿದೆ. ಗಾಡಿ ಓಡುತ್ತಿರುವಾಗ ಗಾಳಿ ಬೀಸುತ್ತದೆ, ಪೈಪಿನಲ್ಲಿ ಹೊಸ ಪೆಟ್ರೋಲ್ ಹರಿಯುತ್ತಿರುತ್ತದೆ; ನಿಲ್ಲಿಸಿದ ಮೇಲೆ ಫ್ಯಾನೂ ಇಲ್ಲ, ಹರಿವೂ ಇಲ್ಲ, ಬಾನೆಟ್ಟಿನೊಳಗಿನ ಕಾವು ಏರುತ್ತಲೇ ಹೋಗುತ್ತದೆ. ಆದ್ದರಿಂದ ವೇಪರ್ ಲಾಕ್ ಸಾಮಾನ್ಯವಾಗಿ ಕಾಡುವುದು ಚಹಾಕ್ಕೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟಾಗ, ಇಲ್ಲವೇ ಸಂತೆಯ ದಿನ ಊರೊಳಗೆ ತೆವಳುವಾಗ. ತೆರೆದ ರಸ್ತೆಯಲ್ಲಿ ಒಂದು ಗಂಟೆ ಸಲೀಸಾಗಿ ಓಡಿದ ಗಾಡಿ ತಟ್ಟನೆ ನಿಂತಿದ್ದಕ್ಕೆ ಅದನ್ನು ಹೊಣೆ ಮಾಡುವುದು, ನನ್ನ ಅಭಿಪ್ರಾಯದಲ್ಲಿ, ಬಿಸಿಲಿನ ಮೇಲಿನ ಸಿಟ್ಟೇ ಹೊರತು ರೋಗಪತ್ತೆಯಲ್ಲ.

ಅದಕ್ಕಿಂತ ಹೆಚ್ಚು ಅನುಮಾನಿಸಬೇಕಾದದ್ದು ಟ್ಯಾಂಕನ್ನು. ಪೆಟ್ರೋಲ್ ಹೊರಹೋದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ಆ ಗಾಳಿಕಿಂಡಿ ಎರೆಮಣ್ಣಿನ ಧೂಳಿನಿಂದ ಮುಚ್ಚಿದ್ದರೆ, ಅಥವಾ ಕಳೆದುಹೋದ ಮುಚ್ಚಳದ ಬದಲಿಗೆ ಕಿಂಡಿಯೇ ಇಲ್ಲದ ಬೇರೆ ಮುಚ್ಚಳ ಹಾಕಿದ್ದರೆ, ಟ್ಯಾಂಕಿನೊಳಗೆ ವ್ಯಾಕ್ಯೂಮ್ ಬೆಳೆದು ಪಂಪಿನ ಎಳೆತವನ್ನು ಸೋಲಿಸುತ್ತದೆ. ಇದರ ಗುರುತು, ಹೆಚ್ಚುಕಡಿಮೆ ಅಷ್ಟಷ್ಟೇ ದೂರ ಓಡಿದ ಮೇಲೆ ಗಾಡಿ ನಿಲ್ಲುವುದು. ನಿಂತ ಕೂಡಲೇ ಮುಚ್ಚಳ ತಿರುಗಿಸಿದಾಗ ಹೊರಗಿನ ಗಾಳಿ ಸುಯ್ಯೆಂದು ಒಳಗೆ ನುಗ್ಗಿ, ಮುಂದಿನ ಸೆಲ್ಫುಗಳಿಗೆ ಎಂಜಿನ್ ಎದ್ದರೆ ಬೇರೆ ಸಾಕ್ಷಿ ಬೇಡ. ತುಕ್ಕಿನ ಕಥೆ ಬೇರೆ ರೀತಿಯದು. ಟ್ಯಾಂಕಿನ ಒಳಮೈಯಿಂದ ಎದ್ದ ಹಕ್ಕಳೆಗಳು ಊರೊಳಗೆ ನಿಧಾನವಾಗಿ ಓಡಿಸುವಾಗ ತಳದಲ್ಲಿ ಸುಮ್ಮನೆ ಮಲಗಿರುತ್ತವೆ. ಸಂಡೂರಿನ ಏರಿನಲ್ಲಿ ಅಥವಾ ವೇಗ ಹೆಚ್ಚಿಸಿದಾಗ ಎಳೆತ ಜೋರಾಗಿ ಜಾಲರಿಗೆ ಬಂದು ಅಂಟುತ್ತವೆ. ಪಾರದರ್ಶಕ ಫಿಲ್ಟರ್ ಹಾಕಿಸಿಕೊಂಡಿದ್ದರೆ ಅದರ ತಳದಲ್ಲಿ ಕಂದು ಹುಡಿ ಕಾಣುತ್ತದೆ. ಹೊಸ ಫಿಲ್ಟರ್ ಒಂದೇ ತಿಂಗಳಲ್ಲಿ ಮತ್ತೆ ಕಂದಾದರೆ ಟ್ಯಾಂಕ್ ಇಳಿಸಿ ತೊಳೆಸದೆ ಬೇರೆ ದಾರಿಯಿಲ್ಲ.

ಈಚಿನ ವರ್ಷಗಳಲ್ಲಿ ಇದಕ್ಕೊಂದು ಸಂಗತಿ ಸೇರಿಕೊಂಡಿದೆ. 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಿಂದ ಬಂಕುಗಳಿಗೆ ಬರತೊಡಗಿತು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಟ್ಯಾಂಕಿನಲ್ಲಿ ವರ್ಷಗಳಿಂದ ಕಟ್ಟಿದ ಕೊಳೆಯನ್ನು ಸಡಿಲಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಸಹಿತ ತಳಕ್ಕಿಳಿದು ಪೆಟ್ರೋಲಿನಿಂದ ಬೇರ್ಪಡುತ್ತದೆ. ಎರಡು ತಿಂಗಳಿಗೊಮ್ಮೆ ತೆಗೆಯುವ ಗಾಡಿಗೆ ಇದು ಹೆಚ್ಚಿನ ತೊಂದರೆ. 1990ರ ದಶಕದ ಗಾಡಿಯಲ್ಲಿ ಮೂಲ ರಬ್ಬರ್ ಪೈಪುಗಳೇ ಇನ್ನೂ ಇದ್ದರೆ ಅವನ್ನು ಬದಲಿಸುವುದಕ್ಕೆ ರೋಗಪತ್ತೆಯವರೆಗೂ ಕಾಯಬೇಕಿಲ್ಲ. ಹೀರುವ ಕಡೆಯ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಪೆಟ್ರೋಲ್ ಹೊರಗೆ ಸೋರದೆ ಗಾಳಿ ಒಳಗೆ ಸೇರುತ್ತದೆ, ಹಾಗಾಗಿ ಅದು ಕಣ್ಣಿಗೂ ಬೀಳುವುದಿಲ್ಲ, ಮೂಗಿಗೂ ಬಡಿಯುವುದಿಲ್ಲ.

ಈಗ ನನ್ನ ಗಾಡಿಗೆ ಮರಳುತ್ತೇನೆ. ವೇಪರ್ ಲಾಕ್ ಎಂದು ನಂಬಿ ಮೊದಲು ಪೆಟ್ರೋಲ್ ಪೈಪಿಗೆ ತಗಡಿನ ಕವಚ ಸುತ್ತಿಸಿದೆ. ಎರಡನೇ ಸಲ ನಿಂತಾಗ ಕಾರ್ಬೊರೇಟರ್ ಬಿಚ್ಚಿಸಿ ತೊಳೆಸಿದೆ. ಮೂರನೇ ಸಲ ಹೊಸ ಪಂಪ್. ನಾಲ್ಕನೇ ಸಲ ಅದು ನಿಂತದ್ದು ಜೂನ್ ಕೊನೆಯ ವಾರ, ಸಿಂಧನೂರಿನಿಂದ ವಾಪಸು ಬರುವಾಗ, ದಢೇಸೂಗೂರಿನ ಸೇತುವೆಗೆ ಸ್ವಲ್ಪ ಮೊದಲು, ಸಂಜೆ ಏಳರ ಮಬ್ಬಿನಲ್ಲಿ. ಮೋಡ ಕವಿದು ತಂಗಾಳಿ ಬೀಸುತ್ತಿದ್ದ ಸಂಜೆ ಪೆಟ್ರೋಲ್ ಕುದಿಯುವ ಸಂಭವವಿರಲಿಲ್ಲ. ಈ ಸಲ ಕಾಯದೆ ಗಂಟಲಿಗೆ ಇಣುಕಿದೆ: ಪೆಟ್ರೋಲ್ ಗಟ್ಟಿಯಾಗಿ ಚಿಮ್ಮಿತು. ಹಳೆಯ ಪ್ಲಗ್ ಕಟ್ಟಿ ಜೊತೆಗಿದ್ದ ಗೆಳೆಯನಿಂದ ಸೆಲ್ಫ್ ಹೊಡೆಸಿದೆ: ಹಳದಿಯ ಬಡಕಲು ಕಿಡಿ. ಎರಡು ವೈರಿನ ತುದಿಗೆ 12 ವೋಲ್ಟಿನ ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪನ್ನು ಕಾಯಿಲಿನ ಪ್ಲಸ್ ತುದಿಗೆ ಹಿಡಿದೆ, ಉರಿಯಿತು. ಅಂದರೆ ಕೀ ಸ್ವಿಚ್ಚಿನಿಂದ ಕಾಯಿಲಿನವರೆಗೆ ದಾರಿ ಸರಿಯಿದೆ. ಮೈನಸ್ ತುದಿಗೆ ಹಿಡಿದು ಸೆಲ್ಫ್ ಹೊಡೆಸಿದೆ, ಮಿಣಮಿಣನೆ ಮಿಟುಕಿತು. ಅಂದರೆ ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ, ಕಾಯಿಲಿನ ಕರೆಂಟನ್ನು ಕಡಿದು ಜೋಡಿಸುವ ಸಿ.ಬಿ. ಪಾಯಿಂಟ್ ತೆರೆದು ಮುಚ್ಚುತ್ತಿದೆ. ಆಮೇಲೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ರೋಟರ್ ಕಳಚಿ, ಇನ್ನೊಮ್ಮೆ ಸೆಲ್ಫ್ ಹೊಡೆಸಿದಾಗ ಹಗಲಿನಲ್ಲಿ ಎಂದೂ ಕಾಣದಿದ್ದದ್ದು ಆ ಮಬ್ಬಿನಲ್ಲಿ ಕಂಡಿತು: ಪಾಯಿಂಟ್ ತೆರೆದಾಗಲೆಲ್ಲ ಅದರ ಎರಡು ತುಟಿಗಳ ನಡುವೆ ವೆಲ್ಡಿಂಗ್ ಮಾಡಿದಂತೆ ದಪ್ಪನೆಯ ಬೆಳಕು.

ಆ ಬೆಳಕಿನ ಅರ್ಥ ತಿಳಿಯಲು ಕಂಡೆನ್ಸರಿನ ಕೆಲಸ ಗೊತ್ತಿರಬೇಕು. ಪಾಯಿಂಟ್ ತೆರೆದ ಕ್ಷಣ ಕಾಯಿಲಿನ ಕರೆಂಟ್ ತಟ್ಟನೆ ನಿಲ್ಲಬೇಕು. ಎಷ್ಟು ಚುರುಕಾಗಿ ನಿಂತರೆ ಪ್ಲಗ್ಗಿನ ಕಿಡಿ ಅಷ್ಟು ಬಲವಾಗಿರುತ್ತದೆ. ಆದರೆ ಕರೆಂಟ್ ಹಾಗೆ ಸುಮ್ಮನೆ ನಿಲ್ಲುವುದಿಲ್ಲ, ತೆರೆಯುತ್ತಿರುವ ತುಟಿಗಳ ನಡುವೆ ಜಿಗಿಯಲು ನೋಡುತ್ತದೆ. ಬೆರಳಿನ ಗಾತ್ರದ ಆ ಡಬ್ಬಿ, 0.2 ಮೈಕ್ರೋಫ್ಯಾರಡ್ ಆಸುಪಾಸಿನ ಕಂಡೆನ್ಸರ್, ಆ ಕ್ಷಣದ ಕರೆಂಟನ್ನು ತನ್ನೊಳಗೆ ಎಳೆದುಕೊಂಡು ಜಿಗಿತವನ್ನು ತಡೆಯುತ್ತದೆ. ಅದರೊಳಗಿನ ಸುರುಳಿ ಕಾದು ಹಿಗ್ಗಿ ಸಂಪರ್ಕ ಕಡಿದರೆ ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟಿನಲ್ಲೇ ಹಾರಿಹೋಗುತ್ತದೆ. ತಣಿದಾಗ ಸುರುಳಿ ಕುಗ್ಗಿ ಮತ್ತೆ ತಾಗುತ್ತದೆ. ಅದೇ ಆ ಅರ್ಧ ಗಂಟೆಯ ಪವಾಡ. ಅದು ಒಳಗೆ ಶಾರ್ಟ್ ಆಗಿದ್ದಿದ್ದರೆ ಲಕ್ಷಣ ಬೇರೆಯಾಗುತ್ತಿತ್ತು: ಪಾಯಿಂಟ್ ತೆರೆದರೂ ಕರೆಂಟ್ ಕಂಡೆನ್ಸರಿನ ಮೂಲಕವೇ ಅರ್ತ್ ಸೇರಿ, ಮೈನಸ್ ತುದಿಯ ಬಲ್ಬ್ ಮಿಟುಕದೆ, ಕಿಡಿ ಪೂರ್ತಿ ಇಲ್ಲವಾಗುತ್ತಿತ್ತು. ಕಾಯಿಲ್ ಕೆಟ್ಟಿದ್ದರೂ ಕಿಡಿ ಸೊರಗುತ್ತದೆ, ಆದರೆ ಪಾಯಿಂಟಿನಲ್ಲಿ ಇಷ್ಟೊಂದು ಬೆಳಕು ಏಳುವುದಿಲ್ಲ. ಕಾಯಿಲಿನ ಮೇಲೆ ಅನುಮಾನವಿದ್ದರೆ ಅದು ಬಿಸಿಯಾಗಿರುವಾಗಲೇ ಮಲ್ಟಿಮೀಟರಿನಿಂದ ಪ್ರೈಮರಿ ಸುರುಳಿಯನ್ನು ಅಳೆಯಬೇಕು. ಪಾಯಿಂಟ್ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ 3 ಓಮ್ ಆಸುಪಾಸು, ಹೊರಗೆ ಬ್ಯಾಲಾಸ್ಟ್ ರೆಸಿಸ್ಟರ್ ಇರುವಲ್ಲಿ ಅದರ ಅರ್ಧದಷ್ಟು. ತಣ್ಣಗಿರುವ ಕಾಯಿಲನ್ನು ಮೇಜಿನ ಮೇಲೆ ಅಳೆದು 'ಚೆನ್ನಾಗಿದೆ' ಎನ್ನುವುದು ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟಂತೆ.

ಮೇಲೆ ಹೇಳಿದ್ದೆಲ್ಲ ವೇಗದಲ್ಲಿ ಓಡುವಾಗ ನಿಲ್ಲುವ ಗಾಡಿಗೆ. ಬ್ರೇಕ್ ಒತ್ತಿ ನಿಧಾನ ಮಾಡಿದಾಗ, ಕ್ಲಚ್ ತುಳಿದಾಗ, ವೃತ್ತದಲ್ಲಿ ತಿರುಗುವಾಗ ಮಾತ್ರ ಆಫ್ ಆಗುವ ಗಾಡಿ ಬೇರೆಯೇ ಮಾತು ಹೇಳುತ್ತಿರುತ್ತದೆ: ಅದಕ್ಕೆ ಓಡುವ ಶಕ್ತಿಯಿದೆ, ಆಕ್ಸಿಲರೇಟರ್ ಒತ್ತದ ಐಡಲ್‌ನಲ್ಲಿ ಬಂದ್ ಬೀಳದೆ ಉಳಿಯುವ ಶಕ್ತಿಯಿಲ್ಲ. ಕಾರ್ಬೊರೇಟರಿನ ಐಡಲ್ ಜೆಟ್ಟಿನಲ್ಲಿ ಕಸ ಸೇರಿರಬಹುದು; ಕೆಲವು ಕಾರ್ಬೊರೇಟರುಗಳಲ್ಲಿರುವ, ಕರೆಂಟಿನಿಂದ ತೆರೆಯುವ ಕವಾಟದ (ಸೊಲೆನಾಯ್ಡ್) ವೈರ್ ಕಳಚಿರಬಹುದು; ಇಂಜೆಕ್ಷನ್ ಗಾಡಿಯಾದರೆ ಥ್ರಾಟಲ್ ಬಾಡಿಯಲ್ಲಿ ಇದ್ದಿಲು ಕಟ್ಟಿ ಐಡಲ್ ವಾಲ್ವ್ ಸಿಕ್ಕಿಕೊಂಡಿರಬಹುದು. ಬ್ರೇಕ್ ಒತ್ತಿದ ಕ್ಷಣವೇ ನಿಲ್ಲುವುದಾದರೆ ಬೂಸ್ಟರಿನ ವ್ಯಾಕ್ಯೂಮ್ ಪೈಪ್ ಅಥವಾ ಬೂಸ್ಟರಿನ ಡಯಾಫ್ರಮ್ ಹರಿದಿದೆಯೇ ನೋಡಬೇಕು, ಏಕೆಂದರೆ ಅಲ್ಲಿಂದ ನುಗ್ಗುವ ಹೆಚ್ಚುವರಿ ಗಾಳಿ ಮಿಶ್ರಣವನ್ನು ತೆಳ್ಳಗಾಗಿಸುತ್ತದೆ. ಪೆಟ್ರೋಲಿನ ಒಂದು ಪಾಲಿಗೆ ತೂಕದ ಲೆಕ್ಕದಲ್ಲಿ ಗಾಳಿ 14.7 ಪಾಲು ಬೇಕು. ಐಡಲ್‌ನಲ್ಲಿ ಎಂಜಿನ್ ಒಳಗೆಳೆಯುವ ಗಾಳಿಯೇ ಕಡಿಮೆಯಾದ್ದರಿಂದ ಸಣ್ಣ ಸೋರಿಕೆಯೂ ಆ ಲೆಕ್ಕ ಕೆಡಿಸುತ್ತದೆ. ಕೇವಲ ಐಡಲ್ ಸ್ಕ್ರೂ ತಿರುಗಿಸಿ ಆರ್‌ಪಿಎಂ ಏರಿಸಿ ಕಳಿಸುವುದು ರೋಗವನ್ನು ಮುಚ್ಚಿಡುವುದಷ್ಟೇ.

2000ದ ಏಪ್ರಿಲ್‌ನಲ್ಲಿ ಹೊಗೆಯ ನಿಯಮ ದೇಶಾದ್ಯಂತ ಬಿಗಿಯಾದ ಮೇಲೆ ಹೊಸ ಪೆಟ್ರೋಲ್ ಕಾರುಗಳಲ್ಲಿ ಕಾರ್ಬೊರೇಟರ್ ಕ್ರಮೇಣ ಮರೆಯಾಯಿತು. ಹಾಗಾಗಿ ಇಂದು 'ಹಳೆಯ ಕಾರು' ಎನಿಸಿಕೊಳ್ಳುವ ಹಲವು ಗಾಡಿಗಳು ಇಂಜೆಕ್ಷನ್ ಗಾಡಿಗಳೇ. ಅವುಗಳ ಪಂಪ್ ಟ್ಯಾಂಕಿನೊಳಗೇ ಕೂತು ಪೆಟ್ರೋಲನ್ನು 3 ಬಾರ್ ಆಸುಪಾಸಿನ ಒತ್ತಡದಲ್ಲಿ ತಳ್ಳುವುದರಿಂದ ವೇಪರ್ ಲಾಕ್ ಅಪರೂಪ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಎಂಬ ಸದ್ದು ಎರಡು ಸೆಕೆಂಡಾದರೂ ಕೇಳಿಸುತ್ತದೆಯೇ? ಕೇಳಿಸದಿದ್ದರೆ ಫ್ಯೂಸ್, ರಿಲೇ, ಪಂಪ್, ಈ ಸಾಲಿನಲ್ಲಿ ನೋಡಬೇಕು; ಟ್ಯಾಂಕಿನ ತಳಕ್ಕೆ ಮುಷ್ಟಿಯಿಂದ ಗುದ್ದಿದಾಗ ಪಂಪ್ ಓಡತೊಡಗಿದರೆ ಅದರ ಬ್ರಷ್‌ಗಳು ಸವೆದಿವೆ, ಮನೆ ಮುಟ್ಟಿದ ಮೇಲೆ ಬದಲಿಸಲೇಬೇಕು. ಸದಾ ರಿಸರ್ವಿನಲ್ಲೇ ಓಡಿಸುವವರ ಪಂಪ್ ಬೇಗ ಹೋಗುತ್ತದೆ, ಏಕೆಂದರೆ ಅದನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಎರಡನೆಯದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಏಳುತ್ತದೆಯೇ? ಪಂಪ್ ಸದ್ದು ಮಾಡಿ, ಕಿಡಿ ಬಾರದೆ, ಮುಳ್ಳು ಸತ್ತು ಮಲಗಿದ್ದರೆ ಮೊದಲ ಸಂಶಯ ಕ್ರ್ಯಾಂಕ್ ಸೆನ್ಸರಿನ ಮೇಲೆ. ಅದರ ಸಂಕೇತವಿಲ್ಲದೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಎಂಜಿನ್ ತಿರುಗುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ, ಹಾಗಾಗಿ ಅದು ಕಿಡಿಯನ್ನೂ ಇಂಜೆಕ್ಟರನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಸ್ಕ್ಯಾನರ್ ಹಚ್ಚಿದಾಗ ದೋಷದ ಕೋಡ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಸೆನ್ಸರ್ ಸರಿಯಿದೆ ಎಂದು ತೀರ್ಮಾನಿಸಬಾರದು, ಬಿಸಿಯಾದಾಗ ಮಾತ್ರ ಕಡಿಯುವ ಸೆನ್ಸರ್ ಎಷ್ಟೋ ಸಲ ಕೋಡ್ ಬಿಡದೆ ಹೋಗುತ್ತದೆ.

ವೈರಿನ ವಿಷಯವನ್ನು ಕೊನೆಗೆ ತಳ್ಳುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ, ಬಹುಶಃ ಅದರಲ್ಲಿ ಮಾರಲು ಬಿಡಿಭಾಗ ಕಡಿಮೆ ಎಂಬ ಕಾರಣಕ್ಕೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲಾಗಿದೆ. ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. 12ಕ್ಕೂ ಕೆಳಗಿಳಿಯುತ್ತಿದ್ದರೆ ಆಲ್ಟರ್ನೇಟರ್ ಸೋತಿದೆ, ರಾತ್ರಿ ಹೆಡ್‌ಲೈಟ್ ಹಾಕಿ ಓಡಿಸುವಾಗ ಗಾಡಿ ಜಟ್ಕಾ ಹೊಡೆಯುತ್ತಾ ನಿಲ್ಲುವುದು ಅದರಿಂದಲೇ. ಡೀಸೆಲ್ ಗಾಡಿಯಲ್ಲಿ ಕಿಡಿಯ ಪ್ರಶ್ನೆಯೇ ಇಲ್ಲ. ಹಳೆಯ ಡೀಸೆಲ್ ಓಡುತ್ತಾ ನಿಂತರೆ ಪೈಪಿನಲ್ಲಿ ಗಾಳಿ ಹಿಡಿದಿದೆಯೇ, ಫಿಲ್ಟರ್ ಕಟ್ಟಿದೆಯೇ, ಸ್ಟಾಪ್ ಸೊಲೆನಾಯ್ಡ್‌ಗೆ ಕರೆಂಟ್ ಹೋಗುತ್ತಿದೆಯೇ ಎಂದು ನೋಡಿದರೆ ಬಹುಪಾಲು ಮುಗಿಯಿತು. ತಾಪದ ಮುಳ್ಳು ಕೆಂಪಿಗೆ ಹೋಗಿ, ಎಂಜಿನ್ ಭಾರವಾದಂತೆ ಎಳೆದು ನಿಂತಿದ್ದರೆ ಮಾತ್ರ ಈ ಯಾವ ಪರೀಕ್ಷೆಯೂ ಬೇಡ, ಸೆಲ್ಫ್ ಹೊಡೆಯಲೂಬಾರದು. ಬೋರ್‌ವೆಲ್‌ನ ಗಡಸು ನೀರು ಕುಡಿದು ಒಳಗೆಲ್ಲ ಸುಣ್ಣ ಕಟ್ಟಿದ ರೇಡಿಯೇಟರಿನ ಕೆಲಸವದು, ಎಂಜಿನ್ ಸೀಜ್ ಆಗುವ ಮೊದಲು ಎಳೆದೊಯ್ಯುವ ಗಾಡಿ ಕರೆಯಬೇಕು.

ತಿಂಗಳಿಗೊಮ್ಮೆ ಮಾತ್ರ ಕೈಕೊಡುವ ಗಾಡಿಗೆ ಒಂದು ಉಪಾಯವಿದೆ. ಕಾಯಿಲಿನ ಪ್ಲಸ್ ತುದಿಯಿಂದ ಫ್ಯೂಸ್ ಸಹಿತ ಒಂದು ವೈರ್ ಎಳೆದು, ಅರ್ತ್ ಕೊಟ್ಟ ಸಣ್ಣ ಬಲ್ಬನ್ನು ಡ್ಯಾಶ್‌ಬೋರ್ಡಿನ ಮೇಲೆ ಕಣ್ಣಿಗೆ ಕಾಣುವಂತೆ ಕಟ್ಟಿ ಓಡಿಸುವುದು. ಎಂಜಿನ್ ನಿಂತ ಕ್ಷಣ ಬಲ್ಬೂ ಆರಿದರೆ ಸ್ವಿಚ್ಚಿನಿಂದ ಕಾಯಿಲಿನವರೆಗಿನ ದಾರಿಯಲ್ಲಿ ತಪ್ಪಿದೆ, ಉರಿಯುತ್ತಲೇ ಇದ್ದರೆ ತಪ್ಪು ಅದರಿಂದಾಚೆ. ಇಂಜೆಕ್ಷನ್ ಗಾಡಿಯಲ್ಲಿ ಪಂಪಿಗೆ ಹೋಗುವ ವೈರಿಗೂ ಹೀಗೆಯೇ ಇನ್ನೊಂದು ಬಲ್ಬ್ ಕಟ್ಟಬಹುದು. ನೋಡಲು ಜಾತ್ರೆಯ ಗಾಡಿಯಂತೆ ಕಾಣುತ್ತದೆ, ಆದರೆ ಇದರಿಂದ ತಿಳಿಯುವಷ್ಟು ಗ್ಯಾರೇಜಿನಲ್ಲಿ ಮೂರು ದಿನ ಬಿಟ್ಟರೂ ತಿಳಿಯುವುದಿಲ್ಲ.

ಅಂದು ಸೇತುವೆಯ ಬಳಿ ಇಪ್ಪತ್ತು ನಿಮಿಷ ಕಾದು, ಎದ್ದ ಗಾಡಿಯನ್ನು ಹೇಗೋ ಸಿರುಗುಪ್ಪಕ್ಕೆ ತಂದು, ಮರುದಿನ ಹೊಸ ಕಂಡೆನ್ಸರ್ ಹಾಕಿಸಿದೆ. ಹಳೆಯದರ ದೆಸೆಯಿಂದ ಪಾಯಿಂಟಿನ ಒಂದು ತುಟಿ ಗುಳಿಬಿದ್ದು ಇನ್ನೊಂದರ ಮೇಲೆ ಗುಬುಟು ಎದ್ದಿತ್ತು; ಅದನ್ನೂ ಬದಲಿಸಿ, ಮದುವೆ ಕರೆಯೋಲೆಯ ಚೂರು ತುರುಕಿ ಅಂದಾಜು ಮಾಡಲು ಹೊರಟ ಮಿಸ್ತ್ರಿಯನ್ನು ತಡೆದು, ಫೀಲರ್ ಗೇಜಿನಿಂದ 0.45 ಮಿಲಿಮೀಟರ್ ಅಂತರ ಇಡಿಸಿದೆ. ಆಮೇಲೆ ಅದೇ ರಸ್ತೆಯಲ್ಲಿ, ಅದೇ ಎರಡೂವರೆಯ ಹೊತ್ತಿಗೆ, ಮೂರು ಮಧ್ಯಾಹ್ನ ತೆಕ್ಕಲಕೋಟೆಯವರೆಗೆ ಹೋಗಿ ಬಂದೆ. ಗಾಡಿ ನಿಲ್ಲಲಿಲ್ಲ. ಬಿಚ್ಚಿಸಿ ತಂದಿದ್ದ ಹಳೆಯ ಪಂಪನ್ನು ಒಂದು ಭಾನುವಾರ ಸೀಮೆಎಣ್ಣೆಯಲ್ಲಿ ಅದ್ದಿ, ಲಿವರ್ ಒತ್ತಿ ನೋಡಿದೆ. ಅದು ಇನ್ನೂ ಚೆನ್ನಾಗಿಯೇ ಎಳೆಯುತ್ತಿತ್ತು.